ಭರ್ತಿ ಓಟದ ಆಚೆಗೆ: ನಡುವಯಸ್ಸಿನಲ್ಲಿ ದೂರದ ಓಟ

ಗೋಕಾಕದಿಂದ ಫಾಲ್ಸ್‌ಗೆ ಏರುವ ರಸ್ತೆ, ಮೂಡಲಗಿಯ ಸುತ್ತಿನ ಹಳ್ಳಿಗಳ ದಾರಿ, ಹುಕ್ಕೇರಿಯಿಂದ ಸಂಕೇಶ್ವರದ ಕಡೆಗೆ ಹೋಗುವ ಮಾರ್ಗ, ಎಲ್ಲಿ ನೋಡಿದರೂ ನಸುಕಿನ ಐದಕ್ಕೆ ಓಡುವ ಹುಡುಗರು ಸಿಗುತ್ತಾರೆ. ಯಾಕೆ ಓಡುತ್ತೀರಿ ಎಂದು ಕೇಳಿದರೆ ಒಂದೇ ಉತ್ತರ: "ಭರ್ತಿಗ್ರೀ." ಸೈನ್ಯದ ಭರ್ತಿಯಲ್ಲಿ 1.6 ಕಿ.ಮೀ. ಓಟ, ಪೊಲೀಸ್ ನೇಮಕಾತಿಯಲ್ಲಿ 1600 ಮೀಟರ್. ಐದಾರು ನಿಮಿಷದಲ್ಲಿ ಮುಗಿಯುವ, ಉಸಿರು ಕಟ್ಟಿ ಓಡುವ ಓಟ. ಬೆಳಗಾವಿಯಲ್ಲೇ ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವುದರಿಂದ ಈ ಭಾಗದ ಮನೆಮನೆಗೂ ಈ ಓಟ ಗೊತ್ತು. ಆಯ್ಕೆಯಾದವರು ಹೋಗುತ್ತಾರೆ. ಆಗದವರು ವಯೋಮಿತಿ ದಾಟಿದ ದಿನವೇ ಬೂಟು ಮೂಲೆಗೆ ಒಗೆಯುತ್ತಾರೆ. ಇಪ್ಪತ್ತಮೂರು ಇಪ್ಪತ್ತನಾಲ್ಕಕ್ಕೆ ಓಟದ ಆಯುಷ್ಯ ಮುಗಿಯಿತು ಎಂಬುದು ಇಲ್ಲಿನ ರೂಢಿಯ ತಿಳಿವಳಿಕೆ.

ಈಚೆಗೆ ಆ ಹುಡುಗರ ನಡುವೆ ಬೇರೆ ವಯಸ್ಸಿನವರೂ ಕಾಣುತ್ತಿದ್ದಾರೆ: ನಲವತ್ತು ದಾಟಿದ ಶಿಕ್ಷಕರು, ಸೊಸೈಟಿ ಬ್ಯಾಂಕಿನ ನೌಕರರು, ಕಿರಾಣಿ ಅಂಗಡಿಯವರು, ಕಬ್ಬಿನ ರೈತರು. ಶುಗರ್ ಅಂಚಿನಲ್ಲಿದೆ ಎಂದು ಡಾಕ್ಟರು ಹೇಳಿದ್ದಕ್ಕೆ ಕೆಲವರು ಶುರು ಮಾಡಿದ್ದಾರೆ, ಬೆಂಗಳೂರಿನಲ್ಲಿರುವ ಮಗ ಹತ್ತು ಕಿ.ಮೀ. ಓಡಿದ ಫೋಟೋ ನೋಡಿ ಕೆಲವರು. ಅವರಿಗೆ ಊರು ಹೇಳುವ ಮಾತು ಒಂದೇ: "ಈ ವಯಸ್ಸಿನ್ಯಾಗ ಇನ್ನೇನ್ ಓಡ್ತೀರಿ ಸರ, ಮೊಣಕಾಲ್ ಹೋಗ್ತಾವು." ನಲವತ್ತರ ಮೇಲೆ ಓಟದಲ್ಲಿ ನಿಜವಾಗಿ ಸುಧಾರಿಸಲು ಸಾಧ್ಯವೇ, ಅಥವಾ ಇಳಿಕೆಯನ್ನು ಸ್ವಲ್ಪ ನಿಧಾನ ಮಾಡುವುದಷ್ಟೇ ನಮ್ಮ ಕೈಲಿದೆಯೇ? ತಡವಾಗಿ ಶುರು ಮಾಡಿದವರು ಹಲವು ವರ್ಷ ಸುಧಾರಿಸುತ್ತಲೇ ಹೋಗಬಹುದು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಭರ್ತಿ ಹುಡುಗರನ್ನು ನೋಡಿ ಕಲಿತ ಓಟದಿಂದ ಅದು ಆಗುವುದಿಲ್ಲ. ನಮ್ಮ ಭಾಗದ ನಡುವಯಸ್ಸಿನ ಓಟಗಾರರ ಮುಖ್ಯ ತೊಡಕು ವಯಸ್ಸಲ್ಲ, ಓಟ ಎಂದರೆ ಆ ಒಂದು ಮೈಲಿ ಎಂಬ ಕಲ್ಪನೆ.

ವಯಸ್ಸು ಏನನ್ನು ಕಸಿದುಕೊಳ್ಳುತ್ತದೆ ಎಂಬುದನ್ನು ಮೊದಲು ನೋಡೋಣ. ದೇಹ ಒಂದು ನಿಮಿಷದಲ್ಲಿ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದನ್ನು ವಿಒ2 ಮ್ಯಾಕ್ಸ್ ಎನ್ನುತ್ತಾರೆ. ದೂರದ ಓಟಕ್ಕೆ ಅದೇ ಬಂಡವಾಳ. ಕುಳಿತೇ ಕಾಲ ಕಳೆಯುವವರಲ್ಲಿ ಇದು ಮೂವತ್ತರ ನಂತರ ದಶಕಕ್ಕೆ ಸುಮಾರು ಶೇ. 10ರಷ್ಟು ಇಳಿಯುತ್ತದೆ. ಕಠಿಣ ಅಭ್ಯಾಸ ಬಿಡದವರಲ್ಲಿ ಇಳಿಕೆ ಅದರ ಅರ್ಧದ ಆಸುಪಾಸಿನಲ್ಲಿ ನಿಲ್ಲುತ್ತದೆ. ಹೃದಯದ ಗರಿಷ್ಠ ಬಡಿತ ಎಲ್ಲರಲ್ಲೂ ಕಡಿಮೆಯಾಗುತ್ತದೆ, ಅದನ್ನು ಯಾವ ಅಭ್ಯಾಸವೂ ತಡೆಯದು. ಸ್ನಾಯುಗಳಲ್ಲಿ ವೇಗಕ್ಕೆ ಬೇಕಾದ ಎಳೆಗಳು ಮೊದಲು ಸೊರಗುತ್ತವೆ. ಹಾಗಾಗಿ ನೂರು ಮೀಟರ್ ಓಟಗಾರ ಬೇಗ ಮಂಕಾಗುತ್ತಾನೆ, ದೂರದ ಓಟಗಾರ ತಡವಾಗಿ. ಅದೇ ವೇಗಕ್ಕೆ ಎಷ್ಟು ಕಡಿಮೆ ಶಕ್ತಿ ಸಾಕಾಗುತ್ತದೆ ಎಂಬ ಮಿತವ್ಯಯದ ಗುಣ ಮಾತ್ರ ವಯಸ್ಸಿಗೆ ಅಷ್ಟು ಸುಲಭವಾಗಿ ಸೋಲುವುದಿಲ್ಲ.

ಇನ್ನು ಮರಳಿ ಪಡೆಯಬಹುದಾದದ್ದು. ಇದರ ಬಗ್ಗೆ ನನಗೆ ಬಹಳ ಮುಖ್ಯವೆನಿಸಿದ್ದು ಅಮೆರಿಕದ ಡಲ್ಲಾಸ್‌ನ ಅಧ್ಯಯನ. 1966ರಲ್ಲಿ ಇಪ್ಪತ್ತರ ಪ್ರಾಯದ ಐದು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿ ಅವರ ಕ್ಷಮತೆ ಎಷ್ಟು ಕುಸಿಯಿತೆಂದು ಅಳೆದರು. ಮೂವತ್ತು ವರ್ಷದ ನಂತರ, ಐವತ್ತು ತುಂಬಿದ ಅದೇ ಐವರನ್ನು ಕರೆಸಿ ಮತ್ತೆ ಅಳೆದರು. ಮೂವತ್ತು ವರ್ಷದ ವಯಸ್ಸು ಮಾಡಿದ ಹಾನಿಗಿಂತ ಮೂರು ವಾರದ ಹಾಸಿಗೆ ಮಾಡಿದ ಹಾನಿಯೇ ಹೆಚ್ಚಾಗಿತ್ತು. ಆಮೇಲೆ ಅವರಿಗೆ ಆರು ತಿಂಗಳು ನಡಿಗೆ, ಓಟ, ಸೈಕಲ್‌ಗಳ ಹಗುರ ಅಭ್ಯಾಸ ಕೊಟ್ಟಾಗ ಮೂವತ್ತು ವರ್ಷದಲ್ಲಿ ಕಳೆದುಕೊಂಡ ಆಮ್ಲಜನಕ ಬಳಕೆಯ ಶಕ್ತಿ ಮರಳಿ ಬಂತು. ವಯಸ್ಸಾಯಿತು ಎಂದು ನಾವು ಹೇಳಿಕೊಳ್ಳುವುದರಲ್ಲಿ ಎಷ್ಟು ಪಾಲು ವಯಸ್ಸಿನದು, ಎಷ್ಟು ಪಾಲು ಕುರ್ಚಿಯದು ಎಂಬ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರವನ್ನು ನಾನು ಕಂಡಿಲ್ಲ. ಐದೇ ಜನರ ಅಧ್ಯಯನ ಅದು ಎಂದು ಆಕ್ಷೇಪಿಸಬಹುದು. ಆದರೆ 1991ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 60ರಿಂದ 71 ವಯಸ್ಸಿನ ನೂರಕ್ಕೂ ಹೆಚ್ಚು ಸ್ತ್ರೀಪುರುಷರು ಒಂಬತ್ತರಿಂದ ಹನ್ನೆರಡು ತಿಂಗಳ ಅಭ್ಯಾಸದಲ್ಲಿ ಸರಾಸರಿ ಶೇ. 24ರಷ್ಟು ಸುಧಾರಿಸಿದರು. 2018ರಲ್ಲಿ ಡಲ್ಲಾಸ್‌ನದೇ ಸಂಶೋಧಕರು 45ರಿಂದ 64ರೊಳಗಿನ, ವ್ಯಾಯಾಮದ ರೂಢಿಯೇ ಇಲ್ಲದವರಿಗೆ ಎರಡು ವರ್ಷ ತರಬೇತಿ ಕೊಟ್ಟರು. ವಿಒ2 ಮ್ಯಾಕ್ಸ್ ಶೇ. 18ರಷ್ಟು ಏರಿತು, ಬಿಗಿಯಾಗತೊಡಗಿದ್ದ ಹೃದಯದ ಸ್ನಾಯು ಮತ್ತೆ ಮೃದುವಾಯಿತು. ಅರವತ್ತೈದರ ಮೇಲೆ ಶುರು ಮಾಡಿದವರ ಹಿಂದಿನ ಅಧ್ಯಯನದಲ್ಲಿ ಹೃದಯದ ಆ ಬಿಗಿ ಸಡಿಲವಾಗಿರಲಿಲ್ಲ. ಅಂದರೆ ಈ ಕೆಲಸಕ್ಕೆ ನಡುವಯಸ್ಸೇ ಸರಿಯಾದ ಕಾಲ, ಮುಂದೆ ಹಾಕುವಂಥದ್ದಲ್ಲ.

ಓಟದ ಜಗತ್ತಿನಲ್ಲೂ ಇದಕ್ಕೆ ಸಾಕ್ಷಿಗಳಿವೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದಾಗ ಪೋರ್ಚುಗಲ್‌ನ ಕಾರ್ಲೋಸ್ ಲೋಪೆಸ್‌ಗೆ 37 ವರ್ಷ. ಮರುವರ್ಷ ಅವರು ವಿಶ್ವದಾಖಲೆಯನ್ನೂ ಮಾಡಿದರು. ಇಥಿಯೋಪಿಯಾದ ಕೆನೆನಿಸಾ ಬೆಕೆಲೆ 2024ರ ಲಂಡನ್ ಮ್ಯಾರಥಾನ್‌ನಲ್ಲಿ 41ನೇ ವಯಸ್ಸಿನಲ್ಲಿ 2 ಗಂಟೆ 4 ನಿಮಿಷ 15 ಸೆಕೆಂಡಿನಲ್ಲಿ ಓಡಿ ಎರಡನೆಯವರಾದರು. ಇವರು ಹುಟ್ಟು ಪ್ರತಿಭೆಗಳು, ಬಾಲ್ಯದಿಂದ ಓಡಿದವರು. ನಮಗೆ ಹತ್ತಿರದವರು ಬೇರೆ ಇಬ್ಬರು. ಸಿಗರೇಟು ಸೇದುತ್ತಿದ್ದ ಬ್ರಿಟನ್‌ನ ಪ್ರಿಸಿಲ್ಲಾ ವೆಲ್ಚ್ ಮೂವತ್ತೈದರ ಹೊತ್ತಿಗೆ ಓಡಲು ಶುರು ಮಾಡಿ, 1987ರಲ್ಲಿ, 42ನೇ ವಯಸ್ಸಿಗೆ, ಲಂಡನ್‌ನಲ್ಲಿ 2 ಗಂಟೆ 26 ನಿಮಿಷ 51 ಸೆಕೆಂಡಿನಲ್ಲಿ ಓಡಿದರು, ಅದೇ ವರ್ಷ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು. ಕೆನಡಾದ ಎಡ್ ವಿಟ್‌ಲಾಕ್ ವಿದ್ಯಾರ್ಥಿಯಾಗಿದ್ದಾಗ ಓಡುತ್ತಿದ್ದು ಆಮೇಲೆ ಬಿಟ್ಟಿದ್ದವರು, ನಲವತ್ತರ ನಂತರ ಮರಳಿ ಶುರು ಮಾಡಿದರು. ಅವರ ಜೀವಮಾನದ ಉತ್ತಮ ಮ್ಯಾರಥಾನ್ ಬಂದದ್ದು 48ನೇ ವಯಸ್ಸಿನಲ್ಲಿ, 2 ಗಂಟೆ 31 ನಿಮಿಷ. 73ನೇ ವಯಸ್ಸಿನಲ್ಲಿ ಅವರು 2 ಗಂಟೆ 54 ನಿಮಿಷ 48 ಸೆಕೆಂಡಿನಲ್ಲಿ ಮುಗಿಸಿದರು. ಅವರ ಅಭ್ಯಾಸದ ಬಹುಪಾಲು ಮನೆ ಹತ್ತಿರದ ಸ್ಮಶಾನದ ದಾರಿಯಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಸುತ್ತುವುದೇ ಆಗಿತ್ತು.

ನಮ್ಮ ನೆಲದ ನೆನಪೂ ಇಲ್ಲಿ ಬರಬೇಕು. 1920ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಪುಟ್ಟ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡುತ್ತಿದ್ದ ರೈತರ ಮಕ್ಕಳನ್ನು ನೋಡಿ ಬೆರಗಾದ ದೊರಾಬ್ಜಿ ಟಾಟಾ ಆ ತಂಡ ಕಳಿಸಲು ಮುಂದಾಗಿದ್ದರು. ಆ ವರ್ಷದ ಮ್ಯಾರಥಾನ್ ಈಗಿನ ಅಳತೆಗಿಂತ ಉದ್ದ, 42.75 ಕಿ.ಮೀ. ಚೌಗುಲೆ ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಬೆಳಗಾವಿ ಜಿಲ್ಲೆಯ ಶಾಲೆಗಳಲ್ಲಿ ಈ ಹೆಸರು ಎಷ್ಟು ಮಕ್ಕಳಿಗೆ ಗೊತ್ತು? ಚೌಗುಲೆ ಆಗ ಎಳೆಯ ತರುಣ, ನಿಜ. ಆದರೆ ದೂರ ಸಾಗುವ ಕಸುವು ಈ ಭಾಗದ ಹಿರಿಯರಿಗೂ ಹೊಸದಲ್ಲ. ಯುಗಾದಿಗೆ ಮುಂಚೆ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವವರಲ್ಲಿ, ಪಂಢರಪುರದ ದಿಂಡಿಯಲ್ಲಿ ಹೋಗುವವರಲ್ಲಿ ನಲವತ್ತು, ಐವತ್ತು, ಅರವತ್ತರವರು ಬೇಕಾದಷ್ಟು ಮಂದಿ. ಕುರಿಹಿಂಡಿನ ಹಿಂದೆ ವರ್ಷದ ಬಹುಕಾಲ ನಡೆಯುವ ಕುರಿಗಾರರಿದ್ದಾರೆ. ಇವರ ಪಯಣದಲ್ಲಿ ದಿನವಿಡೀ ಮಾತಾಡುತ್ತ, ಭಜನೆ ಹೇಳುತ್ತ ಸಾಗುವ ಹದ ಇದೆ. ನಡುವಯಸ್ಸಿನ ಓಟಗಾರ ಕಲಿಯಬೇಕಾದ್ದು ಈ ಹದವನ್ನು.

ಯಾಕೆಂದರೆ ಹೊಸಬರ ತಪ್ಪು ಎಲ್ಲ ಕಡೆಯೂ ಒಂದೇ: ದಿನವೂ ಏದುಸಿರು ಬರುವಷ್ಟು ಓಡುವುದು. ಎರಡು ಕಿ.ಮೀ. ಜೋರಾಗಿ ಓಡಿ, ಸೊಂಟಕ್ಕೆ ಕೈಕೊಟ್ಟು ನಿಂತು, ಗಡಿಯಾರ ನೋಡುವುದು. ಮೊದಲ ಆರು ವಾರ ಸಮಯ ಇಳಿಯುತ್ತದೆ, ಆಮೇಲೆ ಅಲ್ಲೇ ನಿಲ್ಲುತ್ತದೆ, ಮೀನಖಂಡ ಹಿಡಿಯುತ್ತದೆ, ಓಟ ಬಿಡುತ್ತದೆ. ಸಣ್ಣ ರಕ್ತನಾಳಗಳು ಹೆಚ್ಚುವುದು, ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಬೆಳೆಯುವುದು, ಕೊಬ್ಬನ್ನು ಉರುವಲಾಗಿ ಬಳಸುವ ರೂಢಿ ದೇಹಕ್ಕೆ ಬರುವುದು, ಇವೆಲ್ಲ ಹೆಚ್ಚಾಗಿ ದೀರ್ಘ ಹೊತ್ತಿನ ಹಗುರ ಓಟದ ಫಲ. ನಾರ್ವೆಯಲ್ಲಿ ನೆಲೆಸಿದ ಸಂಶೋಧಕ ಸ್ಟೀಫನ್ ಸೈಲರ್ ಉನ್ನತ ಮಟ್ಟದ ಓಟಗಾರರ, ಸ್ಕೀ ಪಟುಗಳ ಅಭ್ಯಾಸವನ್ನು ಲೆಕ್ಕ ಹಾಕಿದಾಗ ಸುಮಾರು ಶೇ. 80 ಪಾಲು ಹಗುರವಾದದ್ದು, ಶೇ. 20 ಮಾತ್ರ ಬಿರುಸಿನದು ಎಂದು ಕಂಡಿತು. ಪದಕ ಗೆಲ್ಲುವವರೇ ಇಷ್ಟು ನಿಧಾನ ಓಡುವಾಗ ನಾವು ದಿನವೂ ಯಾರನ್ನು ಸೋಲಿಸಲು ಹೊರಟಿದ್ದೇವೆ?

ಹಗುರ ಎಂದರೆ ಎಷ್ಟು ಎಂದು ತಿಳಿಯಲು ಗಡಿಯಾರ ಬೇಡ. ಜೊತೆಯವರೊಂದಿಗೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಆಗದಿದ್ದರೆ ನಡೆಯಿರಿ. ಬಡಿತ ನೋಡುವ ವಾಚು ಇದ್ದವರು 220ರಲ್ಲಿ ವಯಸ್ಸು ಕಳೆಯುವ ಹಳೇ ಲೆಕ್ಕಕ್ಕಿಂತ 2001ರಲ್ಲಿ ಬಂದ ತನಾಕಾ ಸೂತ್ರ ಹಿಡಿಯುವುದು ಮೇಲು: 208ರಲ್ಲಿ ವಯಸ್ಸಿನ 0.7 ಪಟ್ಟು ಕಳೆಯಬೇಕು. ಅರವತ್ತರವರಿಗೆ ಹಳೆಯ ಲೆಕ್ಕ 160 ಎಂದರೆ ಇದು 166 ಎನ್ನುತ್ತದೆ. ಎರಡೂ ಸರಾಸರಿಗಳೇ, ಒಬ್ಬೊಬ್ಬರಲ್ಲಿ ಹತ್ತು ಬಡಿತದ ವ್ಯತ್ಯಾಸ ಸಾಮಾನ್ಯ. ಬಿಪಿಗೆ ಬೀಟಾ ಬ್ಲಾಕರ್ ಗುಳಿಗೆ ತೆಗೆದುಕೊಳ್ಳುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ಗುಳಿಗೆಯೇ ಬಡಿತವನ್ನು ತಗ್ಗಿಸುತ್ತದೆ.

ಐದು ಕಿ.ಮೀ.ಗೆ 32 ನಿಮಿಷ ತೆಗೆದುಕೊಳ್ಳುವ, ನಲವತ್ತಾರರ ಒಬ್ಬ ಶಿಕ್ಷಕರನ್ನು ಊಹಿಸಿಕೊಳ್ಳಿ. ಅವರಿಗೆ ವಾರಕ್ಕೆ ನಾಲ್ಕು ದಿನ ಓಟ ಸಾಕು. ಎರಡು ದಿನ ನಲವತ್ತು ನಿಮಿಷ, ಕಿ.ಮೀ.ಗೆ ಏಳೂವರೆ ಎಂಟು ನಿಮಿಷದ ಹದದಲ್ಲಿ. ಒಂದು ದಿನ, ಭಾನುವಾರವೇ ಅನುಕೂಲ, ಒಂದು ಗಂಟೆಯಿಂದ ಶುರುವಾಗಿ ತಿಂಗಳುಗಳಲ್ಲಿ ಒಂದೂವರೆ ಗಂಟೆಗೆ ಬೆಳೆಯುವ ಉದ್ದ ಓಟ. ಉಳಿದ ಒಂದು ದಿನ ಮಾತ್ರ ಬಿರುಸು: ಮೈ ಬೆಚ್ಚಗಾದ ಮೇಲೆ ಎರಡು ನಿಮಿಷ ಗಟ್ಟಿಯಾಗಿ, ಎರಡು ನಿಮಿಷ ನಡಿಗೆ, ಹೀಗೆ ಐದಾರು ಸಲ. ಈ ಬಿರುಸಿಗೆ ಗೋಕಾಕದವರಿಗೆ ಫಾಲ್ಸ್ ರಸ್ತೆಯ ಏರಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಏರು ಹತ್ತುವಾಗ ಎದೆಗೆ ಪೂರ್ತಿ ಕೆಲಸ, ಕಾಲಿಗೆ ಪೆಟ್ಟು ಕಡಿಮೆ. ಇಳಿಯುವಾಗ ನಡೆದೇ ಇಳಿಯಬೇಕು. ಬಿರುಸಿನ ದಿನದ ನಂತರ ಇಪ್ಪತ್ತರ ಹುಡುಗನಿಗೆ ಒಂದು ದಿನದ ವಿಶ್ರಾಂತಿ ಸಾಕಾದರೆ ನಮಗೆ ಎರಡು ಬೇಕು. ಮೂರು ವಾರ ಏರಿಸಿ, ನಾಲ್ಕನೇ ವಾರ ಇಳಿಸುವುದು ಒಳ್ಳೆಯ ಪದ್ಧತಿ.

ಇಲ್ಲಿ ಒಂದು ಎಚ್ಚರ. ಎದೆ ಮತ್ತು ಸ್ನಾಯು ಕೆಲವೇ ವಾರಗಳಲ್ಲಿ ಪಳಗುತ್ತವೆ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಪಳಗಲು ತಿಂಗಳುಗಳು ಬೇಕು. ಮೂಡಲಗಿಯ ಎರಿ ನೆಲಕ್ಕೆ ಒಮ್ಮೆಲೇ ನೀರು ಬಿಟ್ಟರೆ ಒಳಗೆ ಇಳಿಯದೆ ಮೇಲೆಯೇ ನಿಲ್ಲುವಂತೆ, ಈ ರಜ್ಜುವೂ ಹೊರೆಯನ್ನು ಮೆಲ್ಲಗೆ ಕೊಟ್ಟಷ್ಟೇ ತೆಗೆದುಕೊಳ್ಳುತ್ತದೆ. ಮೂರನೇ ತಿಂಗಳಲ್ಲಿ "ಈಗ ಎಷ್ಟ್ ಬೇಕಾದ್ರೂ ಓಡಬಲ್ಲೆ" ಎನ್ನಿಸಿದಾಗಲೇ ಹೆಚ್ಚಿನ ನಡುವಯಸ್ಸಿನವರ ಮೀನಖಂಡ, ಹಿಮ್ಮಡಿ ಕೈಕೊಡುವುದು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಟ್ಟ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚಿದರೆ ಆ ವಾರ ಓಟ ಅರ್ಧಕ್ಕೆ ಇಳಿಯಬೇಕು, ವಾದ ಬೇಡ.

ಓಡುವುದಷ್ಟೇ ಸಾಲದು, ಬಲವೂ ಬೇಕು. ನಲವತ್ತರ ನಂತರ ಸ್ನಾಯು ಕರಗುವುದನ್ನು ಓಟ ತಡೆಯುವುದಿಲ್ಲ, ಭಾರ ತಡೆಯುತ್ತದೆ. ಈ ವಿಷಯದಲ್ಲಿ ನಾವು ಬೇರೆಯವರಿಂದ ಕಲಿಯಬೇಕಾದ್ದು ಕಡಿಮೆ. ಗರಡಿಮನೆಯ ಬೈಠಕ್, ದಂಡ, ಸಂಗ್ರಾಣಿ ಕಲ್ಲು ಎತ್ತುವುದು, ಇವೆಲ್ಲ ತೊಡೆ ಮತ್ತು ಸೊಂಟಕ್ಕೆ ಬೇಕಾದ ಸಾಮುಗಳೇ. ವಾರಕ್ಕೆ ಎರಡು ಸಲ ಅರ್ಧ ಗಂಟೆ ಬೈಠಕ್, ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವುದು, ಒಂದು ಕಾಲಲ್ಲಿ ನಿಲ್ಲುವುದು. ಬೆನ್ನಿಗೆ ಭಾರದ ರೂಢಿ ಇಲ್ಲದವರಿಗೆ ಸಂಗ್ರಾಣಿ ಕಲ್ಲು ಬೇಡ. ಗರಡಿಗಳು ಹಲವು ಊರಲ್ಲಿ ಬೀಗ ಹಾಕಿ ಕೂತಿವೆ. ಅವನ್ನು ನಲವತ್ತು ದಾಟಿದವರಿಗೆ ತೆರೆದರೆ ಜಿಮ್ ಹುಡುಕಿಕೊಂಡು ಬೆಳಗಾವಿಗೆ ಹೋಗಬೇಕಿಲ್ಲ.

ಮೊಣಕಾಲಿನ ಭಯಕ್ಕೆ ಉತ್ತರ ಈಗ ಸಾಕಷ್ಟು ಸ್ಪಷ್ಟ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಹವ್ಯಾಸಕ್ಕೆ ಓಡುವವರಲ್ಲಿ ಮೊಣಕಾಲು ಮತ್ತು ಸೊಂಟದ ಕೀಲಿನ ಸವೆತ ಶೇ. 3.5, ಓಡದೆ ಕುಳಿತಿರುವವರಲ್ಲಿ ಶೇ. 10.2. ವೃತ್ತಿಪರ ಸ್ಪರ್ಧಿಗಳಲ್ಲಿ ಮಾತ್ರ ಶೇ. 13.3. ಕೀಲು ಚೆನ್ನಾಗಿರುವವರೇ ಓಟದಲ್ಲಿ ಉಳಿಯುತ್ತಾರೆ ಎಂಬ ಅಂಶವನ್ನು ಬಿಟ್ಟು ನೋಡಿದರೂ, ಮಿತವಾದ ಓಟ ಮೊಣಕಾಲು ತಿನ್ನುತ್ತದೆ ಎನ್ನಲು ಆಧಾರವಿಲ್ಲ. ಈಗಾಗಲೇ ನೋವಿದ್ದವರು, ತೂಕ ಬಹಳ ಇದ್ದವರು ನಡಿಗೆಯಿಂದ ಶುರು ಮಾಡಲಿ.

ಹೃದಯದ ಭಯ ಬೇರೆ ಬಗೆಯದು, ಅದನ್ನು ತಳ್ಳಿಹಾಕುವಂತಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಇಡೀ ಕರ್ನಾಟಕ ವ್ಯಾಯಾಮವನ್ನೇ ಅನುಮಾನದಿಂದ ನೋಡಿತು. ಲೆಕ್ಕ ಏನು ಹೇಳುತ್ತದೆ? ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್, ಅರ್ಧ ಮ್ಯಾರಥಾನ್ ಓಡಿದ 1 ಕೋಟಿ 9 ಲಕ್ಷ ಮಂದಿಯಲ್ಲಿ ಹೃದಯ ಸ್ತಂಭನವಾದದ್ದು 59 ಜನರಿಗೆ, ಹೆಚ್ಚಿನವರು ಗಂಡಸರು, ಸರಾಸರಿ ವಯಸ್ಸು 42. ಅಪಾಯ ತೀರ ವಿರಳ. ಆದರೆ ಅದು ಅಮೆರಿಕ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ ಎಂದು ಇಂಟರ್‌ಹಾರ್ಟ್ ಅಧ್ಯಯನ ತೋರಿಸಿದೆ. ಅಮೆರಿಕದಲ್ಲಿ ಲಕ್ಷಾಂತರ ಜನರನ್ನು ಓಟಕ್ಕೆ ಹಚ್ಚಿದ ಲೇಖಕ ಜಿಮ್ ಫಿಕ್ಸ್ 1984ರಲ್ಲಿ 52ನೇ ವಯಸ್ಸಿಗೆ ಓಡುವಾಗಲೇ ತೀರಿಕೊಂಡರು. ಅವರ ತಂದೆಯೂ 43ಕ್ಕೆ ಹೃದಯಾಘಾತದಿಂದ ಹೋದವರು. ಓಟ ಅವರನ್ನು ಕೊಂದಿತು ಎಂದಲ್ಲ, ಓಡುತ್ತೇನೆ ಎಂಬ ಧೈರ್ಯದಲ್ಲಿ ತಪಾಸಣೆಯನ್ನು ಬಿಡಬಾರದು ಎಂದು. ನಲವತ್ತರ ಮೇಲೆ ಶುರು ಮಾಡುವವರು ಬಿಪಿ, ಶುಗರ್, ಕೊಲೆಸ್ಟರಾಲ್, ಇಸಿಜಿ ಮಾಡಿಸಿ, ಮನೆತನದಲ್ಲಿ ಹೃದ್ರೋಗ ಇದ್ದರೆ ಡಾಕ್ಟರಿಗೆ ಬಿಡಿಸಿ ಹೇಳಬೇಕು. ಶುಗರ್ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಒಂದು ಚೂರು ಬೆಲ್ಲ ಇಟ್ಟುಕೊಳ್ಳಬೇಕು. ಎದೆ ಹಿಂಡಿದಂತಾದರೆ, ದವಡೆ ಅಥವಾ ಎಡಗೈ ನೋವಾದರೆ, ಕಣ್ಣು ಕತ್ತಲೆ ಬಂದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಗ್ಯಾಸ್ ಎಂದುಕೊಂಡು ಮಲಗಿದವರನ್ನು ನಾವು ಕಳೆದುಕೊಂಡಿದ್ದೇವೆ.

ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜೋಳದ ರೊಟ್ಟಿ, ಕಾಳಿನ ಪಲ್ಯ, ಜುಣಕ, ಶೇಂಗಾ ಚಟ್ನಿ, ಮೊಸರು, ಇದು ಓಟಗಾರನ ಊಟವೇ. ಪ್ರೊಟೀನ್ ಮಾತ್ರ ಸಾಮಾನ್ಯವಾಗಿ ಕಡಿಮೆ ಬೀಳುತ್ತದೆ, ಕಾಳು ಮತ್ತು ಹಾಲು ಹೆಚ್ಚಬೇಕು. ಸಸ್ಯಾಹಾರಿಗಳು ಬಿ12 ಒಮ್ಮೆ ನೋಡಿಸಿಕೊಳ್ಳಲಿ. ಉದ್ದ ಓಟಕ್ಕೆ ವಿದೇಶಿ ಜೆಲ್ ಬೇಡ, ಗೋಕಾಕದ ಕರದಂಟಿನ ಒಂದು ತುಂಡು ಸಾಕು. ಊಟಕ್ಕಿಂತ ದೊಡ್ಡ ಸಮಸ್ಯೆ ನಿದ್ದೆ. ತ್ರೀಫೇಸ್ ಕರೆಂಟು ರಾತ್ರಿ ಬಂದರೆ ರೈತ ರಾತ್ರಿಯೇ ನೀರು ಹಾಯಿಸಬೇಕು. ಮಿಲ್ಲಿನಲ್ಲಿ, ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುವವರಿಗೆ ಪಾಳಿ. ಓಟದ ಲಾಭ ದೇಹಕ್ಕೆ ಸೇರುವುದು ನಿದ್ದೆಯಲ್ಲಿ. ರಾತ್ರಿ ನೀರು ಹಾಯಿಸಿದವರು ಬೆಳಿಗ್ಗೆ ಓಡಬಾರದು, ಸಂಜೆ ಓಡಲಿ.

ಇನ್ನು ಎಲ್ಲಿ ಓಡಬೇಕು? ಅಕ್ಟೋಬರ್ ಕೊನೆಯಿಂದ ಮಾರ್ಚ್ ತನಕ ನಮ್ಮ ರಸ್ತೆಗಳು ಕಬ್ಬಿನ ಟ್ರ್ಯಾಕ್ಟರುಗಳದ್ದು. ಎರಡು ಟ್ರಾಲಿ ಕಟ್ಟಿಕೊಂಡು, ಹಿಂದಿನ ದೀಪವಿಲ್ಲದೆ, ಕಬ್ಬು ಬದಿಗೆ ಚಾಚಿಕೊಂಡು ಕತ್ತಲಲ್ಲಿ ಬರುತ್ತವೆ. ಎಂಬತ್ತೊಂಬತ್ತನೇ ವಯಸ್ಸಿಗೆ ಮ್ಯಾರಥಾನ್ ಶುರು ಮಾಡಿ ಜಗತ್ತನ್ನೇ ಬೆರಗುಗೊಳಿಸಿದ ಫೌಜಾ ಸಿಂಗ್ 2025ರ ಜುಲೈನಲ್ಲಿ ಪಂಜಾಬಿನ ತಮ್ಮ ಊರಿನ ರಸ್ತೆಯಲ್ಲಿ ವಾಹನ ಡಿಕ್ಕಿ ಹೊಡೆದು ತೀರಿಕೊಂಡರು. ವಾಹನಕ್ಕೆ ಎದುರಾಗಿ, ರಸ್ತೆಯ ಬಲಬದಿಗೆ ಓಡಬೇಕು. ಬಿಳಿ ಅಂಗಿ ಹಾಕಬೇಕು. ಕಿವಿಗೆ ಇಯರ್‌ಫೋನ್ ಬೇಡ. ಕಬ್ಬಿನ ರವದಿ ಸುಡುವ ದಿನಗಳಲ್ಲಿ ಹೊಗೆ ನೆಲಮಟ್ಟದಲ್ಲೇ ನಿಲ್ಲುತ್ತದೆ, ಅಂದು ಓಟ ಬಿಟ್ಟರೆ ನಷ್ಟವಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ವೇಗದ ಆಸೆ ಬಿಟ್ಟು, ಆರೂವರೆಯೊಳಗೆ ಮುಗಿಸಿ, ಉಪ್ಪು ಹಾಕಿದ ಮಜ್ಜಿಗೆ ಕುಡಿಯಬೇಕು.

ರಸ್ತೆ ಬಿಟ್ಟರೆ ಕಾಲುವೆ ಇದೆ. ಧೂಪದಾಳದಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆ, ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದ ಬಲದಂಡೆ ಕಾಲುವೆ, ಇವುಗಳ ಏರಿಯ ಮಣ್ಣಿನ ದಾರಿ ಬಹುಮಟ್ಟಿಗೆ ಸಮತಟ್ಟು, ಕಾಲಿಗೆ ಮೆತ್ತಗೆ, ವಾಹನ ಕಡಿಮೆ. ಇಷ್ಟು ಉದ್ದದ ಮೆತ್ತನೆಯ ಹಾದಿ ಬೆಂಗಳೂರಿನ ಓಟಗಾರನಿಗೆ ಎಲ್ಲಿ ಸಿಗಬೇಕು? ಬೆಳಕು ಹರಿದ ಮೇಲೆ, ಜೊತೆಗೆ ಒಬ್ಬರನ್ನು ಕರೆದುಕೊಂಡೇ ಹೋಗಬೇಕು; ನಾಯಿ, ಹಾವು, ಕುಸಿದ ದಂಡೆ ಇದ್ದೇ ಇವೆ.

ಹೆಣ್ಣುಮಕ್ಕಳ ಮಾತು ಈ ಚರ್ಚೆಯಲ್ಲಿ ಕೊನೆಗೆ ಬರುವುದೇ ನಮ್ಮ ಊರುಗಳ ಸ್ಥಿತಿ ತೋರಿಸುತ್ತದೆ. ನಲವತ್ತೈದರ ಹೆಣ್ಣುಮಗಳಿಗೆ ಓಟದ ಲಾಭ ಗಂಡಸಿಗಿಂತ ಹೆಚ್ಚು, ಮುಟ್ಟು ನಿಲ್ಲುವ ಕಾಲದಲ್ಲಿ ತೆಳುವಾಗುವ ಮೂಳೆಗೆ ಪಾದದ ಪ್ರತಿ ಪೆಟ್ಟೂ ಒಂದು ಔಷಧ. ರಾಜ್ಯದಲ್ಲಿ ಅರ್ಧಕ್ಕೆ ಹತ್ತಿರದಷ್ಟು ಹೆಂಗಸರಿಗೆ ರಕ್ತಹೀನತೆ ಇರುವುದರಿಂದ ಹಿಮೋಗ್ಲೋಬಿನ್ ನೋಡಿಸದೆ ಓಡಿಸುವುದು ತಪ್ಪು; ಸುಸ್ತನ್ನು ಸೋಮಾರಿತನ ಎಂದು ಅವರೇ ತಿಳಿದುಕೊಂಡುಬಿಡುತ್ತಾರೆ. ಆದರೆ ಅವರನ್ನು ತಡೆಯುತ್ತಿರುವುದು ರಕ್ತವಷ್ಟೇ ಅಲ್ಲ, ಜಾಗ. ಕತ್ತಲ ರಸ್ತೆಯಲ್ಲಿ ಅವರು ಓಡಲಾರರು, ಬೆಳಕಾದ ಮೇಲೆ ಮನೆ ಬಿಡಲಾರರು.

ಆದ್ದರಿಂದ ನನ್ನ ಕೇಳಿಕೆ ಎರಡು. ಗೋಕಾಕ, ಹುಕ್ಕೇರಿ, ಈಚೆಗೆ ತಾಲೂಕಾದ ಮೂಡಲಗಿ, ಮೂರೂ ಕಡೆಯ ಪುರಸಭೆ, ನಗರಸಭೆಗಳು ತಾಲೂಕು ಕೇಂದ್ರದ ಒಂದೊಂದು ಪ್ರೌಢಶಾಲೆ ಮೈದಾನದ ಗೇಟನ್ನು ಬೆಳಗಿನ ಐದರಿಂದ ಏಳರವರೆಗೆ ತೆರೆಸಲಿ, ನಾಲ್ಕು ದೀಪ ಹಾಕಿಸಲಿ, ಒಬ್ಬ ಕಾವಲುಗಾರರನ್ನು ನೇಮಿಸಲಿ. ಇದಕ್ಕೆ ದೊಡ್ಡ ಕ್ರೀಡಾಂಗಣ ಬೇಕಿಲ್ಲ. ಇನ್ನೊಂದು, ಭರ್ತಿಯಲ್ಲಿ ಆಯ್ಕೆಯಾಗದೆ ಓಟ ಬಿಟ್ಟ ತಮ್ಮಂದಿರಿಗೆ: ಮಾಸ್ಟರ್ಸ್ ಅಥ್ಲೆಟಿಕ್ಸ್ ಸ್ಪರ್ಧೆಗಳು 35ನೇ ವಯಸ್ಸಿಗೆ ಶುರುವಾಗಿ ಐದೈದು ವರ್ಷಕ್ಕೊಂದು ವರ್ಗದಲ್ಲಿ ಸಾಗುತ್ತವೆ. ನಿಮ್ಮ ವಯೋಮಿತಿ ಅಲ್ಲಿ ಇನ್ನೂ ಆರಂಭವೇ ಆಗಿಲ್ಲ, ಬೂಟು ಬಿಸಾಡಬೇಡಿ.